ಜಡೆಗಟ್ಟಿದ ಪುಲಿ ನಾಯಿ: ಶಿರಸಿ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ನಾಯಿಯ ಹೆಸರು ಕಂಬಳಿ. ತಳಿ ಪುಲಿ, ಮೂಲ ಹಂಗೇರಿ. ಅಣ್ಣ ಆರು ವರ್ಷ ಬುಡಾಪೆಸ್ಟ್‌ನಲ್ಲಿದ್ದು ವಾಪಸ್ ಬರುವಾಗ ಜೊತೆಗೇ ಕರೆದುಕೊಂಡು ಬಂದ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಇದರ ಬೊಗಳಾಟಕ್ಕೆ ಅಕ್ಕಪಕ್ಕದವರು ಎರಡೇ ತಿಂಗಳಲ್ಲಿ ಬೇಸತ್ತರು. ಹಾಗಾಗಿ ಮೂರು ವರ್ಷದ ಹಿಂದೆ, ಒಂದು ಫೆಬ್ರವರಿಯಲ್ಲಿ, ಶಿರಸಿ ಹತ್ತಿರದ ನಮ್ಮ ಮನೆಗೆ ಬಂದು ಸೇರಿತು. ಆಗ ಅದಕ್ಕೆ ಮೂರು ವರ್ಷ.

ಅವತ್ತಿನಿಂದ ಪೇಟೆಗೆ ಹೋದರೂ ಇದರದ್ದೇ ಪ್ರಶ್ನೆ, ಮದುವೆಮನೆಯ ಪಂಕ್ತಿಯಲ್ಲೂ ಇದರದ್ದೇ ಪ್ರಶ್ನೆ. ಕಾರವಾರ, ಕುಮಟಾ ಕಡೆಯಿಂದ ಫೋನು, ಮೆಸೇಜು, ಒಂದೆರಡು ಕಾಗದವೂ ಬಂದಿವೆ. ಜಾಸ್ತಿ ಸಲ ಕೇಳಿದ್ದನ್ನು ಆರಿಸಿ, ಕೇಳಿದವರ ಮಾತಲ್ಲೇ ಇಟ್ಟು, ಉತ್ತರ ಬರೆದಿದ್ದೇನೆ.

## ಗೇಟಿನ ಹತ್ತಿರ ಕೇಳುವವು

"ಎಂತ ಮಾರಾಯ್ರೆ, ಇದು ನಾಯಿನೋ ಕರಡಿಮರಿಯೋ?"

ನಾಯಿಯೇ. ಹಂಗೇರಿಯ ಬಯಲಿನಲ್ಲಿ ಕುರಿ ಮಂದೆ ಓಡಿಸುವ ಕುರಿನಾಯಿ. ನೋಡಲು ದಪ್ಪ ಕಂಡರೂ ಒಳಗಿರುವುದು ಸಣ್ಣ ಮೈ. ಗಂಡು ಸುಮಾರು 39ರಿಂದ 45 ಸೆಂ.ಮೀ. ಎತ್ತರ, 13ರಿಂದ 15 ಕಿಲೋ ತೂಕ. ಹೆಣ್ಣು ಅದಕ್ಕಿಂತ ಸ್ವಲ್ಪ ಚಿಕ್ಕದು, 10ರಿಂದ 13 ಕಿಲೋ. ಅಂದರೆ ನಮ್ಮ ಬೀದಿನಾಯಿಗಿಂತ ಗಿಡ್ಡ. ಸ್ನಾನ ಮಾಡಿಸಿ ಜಡೆಯೆಲ್ಲ ಮೈಗೆ ಅಂಟಿದಾಗ ಮೊದಲ ಸಲ ನೋಡಿದ ಆಯಿ, "ಅಯ್ಯೋ, ಇಷ್ಟೇನಾ ಇದು?" ಅಂದಿದ್ದಳು.

ಹೆಸರು ಹೇಳಿದರೆ ಹಳಗನ್ನಡ ಓದಿದವರು ನಗುತ್ತಾರೆ. ಅಲ್ಲಿ ಪುಲಿ ಅಂದರೆ ಹುಲಿ. ಹಂಗೇರಿಯನ್ ಭಾಷೆಯ ಪುಲಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ಆದರೆ ಕಂಬಳಿಯ ಗತ್ತು ನೋಡಿದರೆ ಅದಕ್ಕೆ ಈ ವಿಷಯ ಗೊತ್ತಿದೆ ಅನ್ನಿಸುತ್ತದೆ.

"ಈ ಜಡೆ ನೀವು ಹೆಣೆದದ್ದಾ, ತಾನೇ ಬಂದದ್ದಾ?"

ಹೆಣೆದದ್ದಲ್ಲ. ಪುಲಿಗೆ ಎರಡು ಥರದ ಕೂದಲು. ಮೇಲಿನದು ಉದ್ದ, ಒರಟು. ಒಳಗಿನದು ಮೆತ್ತಗೆ, ಉಣ್ಣೆ ಥರ. ಬೇರೆ ನಾಯಿಗಳಲ್ಲಿ ಒಳಗಿನ ಕೂದಲು ಉದುರಿ ನೆಲಕ್ಕೆ ಬೀಳುತ್ತದೆ. ಇದರಲ್ಲಿ ಅದು ಬೀಳದೆ ಮೇಲಿನ ಕೂದಲಿಗೆ ಸಿಕ್ಕಿ ಸುತ್ತಿಕೊಳ್ಳುತ್ತದೆ. ಹಾಗೇ ಸೇರುತ್ತಾ ಸೇರುತ್ತಾ ಹಗ್ಗದಂತಾಗುತ್ತದೆ. ಕುರಿ ಉಣ್ಣೆಯನ್ನು ಒದ್ದೆ ಮಾಡಿ ತಿಕ್ಕಿದರೆ ಗಟ್ಟಿಯಾಗಿ ಕೂಡಿಕೊಳ್ಳುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ನಾಯಿಗೆ ಕಂಬಳಿ ಅಂತ ಹೆಸರಿಟ್ಟದ್ದೂ ಅದಕ್ಕೇ.

ಇದನ್ನು ದೇವರ ಜಟೆ ಅಂತ ತಿಳಿದು ಕೈಮುಗಿದವರೂ ಇದ್ದಾರೆ. ನಾನು ಏನೂ ಹೇಳಲಿಲ್ಲ. ಕಂಬಳಿಯೂ ಸುಮ್ನೆ ಕೂತಿತ್ತು.

"ಕಣ್ಣು ಕಾಣ್ತದಾ ಅದಕ್ಕೆ?"

ಕಾಣುತ್ತದೆ. ಬಿದಿರಿನ ತಟ್ಟಿಯ ಹಿಂದೆ ಕೂತವರಿಗೆ ರಸ್ತೆ ಕಾಣುವ ಹಾಗೆ. ಜಡೆಯನ್ನು ಮೇಲೆತ್ತಿ ರಬ್ಬರ್ ಬ್ಯಾಂಡ್ ಹಾಕಿದರೆ ಕಣ್ಣಿಗೆ ಪೆಟ್ಟು ಅನ್ನುತ್ತಾರೆ, ಅದು ಸುಳ್ಳು. ಕಣ್ಣಿನಲ್ಲಿ ನೀರು, ಪಿಸುರು ಬರುತ್ತಿದೆಯಾ ಅಂತ ದಿನಾ ನೋಡಲು ಕಟ್ಟಿದರೇ ಅನುಕೂಲ.

"ಕಚ್ಚುತ್ತದಾ?"

ಇಲ್ಲಿಯವರೆಗೆ ಯಾರಿಗೂ ಕಚ್ಚಿಲ್ಲ. ಬೊಗಳುವುದು ಮಾತ್ರ ವಿಪರೀತ. ಕೊರಿಯರ್‌ನವನಿಗೆ, ಮಂಗಕ್ಕೆ, ತೆಂಗಿನಮರದಿಂದ ಬಿದ್ದ ಗರಿಗೆ, ಕೆಲವು ಸಲ ಬರೀ ಗಾಳಿಗೆ. ಪುಲಿ ಕುರಿಗಳನ್ನು ಬೊಗಳಿ, ಸುತ್ತುಹಾಕಿ ಓಡಿಸುವ ತಳಿ. ಬೊಗಳಬೇಡ ಅಂದರೆ ಕೆಲಸ ಬಿಡು ಅಂದ ಹಾಗೆ. ಹೊಸಬರನ್ನು ಸುಲಭಕ್ಕೆ ನಂಬುವುದಿಲ್ಲ. ಮನೆಯವರನ್ನು ಬಿಟ್ಟು ಇರುವುದಿಲ್ಲ. ಬುದ್ಧಿ ಜಾಸ್ತಿ, ಹಠವೂ ಅಷ್ಟೇ. ಹೇಳಿದ್ದು ಒಂದೇ ಸಲಕ್ಕೆ ಅರ್ಥವಾಗುತ್ತದೆ, ಮಾಡಬೇಕೋ ಬೇಡವೋ ಅಂತ ಅದು ಆಮೇಲೆ ಯೋಚಿಸುತ್ತದೆ.

"ಫೋಟೋದಲ್ಲಿ ನೋಡಿದ್ದು ಬಿಳಿ. ನಿಮ್ಮದು ಕಪ್ಪು. ಡೂಪ್ಲಿಕೇಟಾ?"

ಪುಲಿಯಲ್ಲಿ ಕಪ್ಪೂ ಇದೆ, ಬಿಳಿಯೂ ಇದೆ, ಮುಖ ಮಾತ್ರ ಕಪ್ಪಿರುವ ಗೋಧಿಬಣ್ಣವೂ ಇದೆ. ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ಮನೆಯ ಬೀಸ್ಟ್ ಬಿಳಿ ಪುಲಿ. ನೀವು ನೋಡಿದ್ದು ಬಹುಶಃ ಅದೇ. ಕಪ್ಪು ನಾಯಿಯ ಜಡೆ ಬಿಸಿಲಿಗೆ ತುದಿಯಲ್ಲಿ ಕೆಂಪಾಗುತ್ತದೆ. ಅದನ್ನು ನೋಡಿ ಬಣ್ಣ ಹಾಕಿಸಿದ್ದಾ ಅಂತ ಕೇಳಿದವರಿದ್ದಾರೆ.

ನೋಡಿದ್ದು ಕರುವಿನಷ್ಟು ದೊಡ್ಡದಿತ್ತು ಅಂದರೆ ಅದು ಕೊಮೊಂಡೋರ್. ಅದೂ ಹಂಗೇರಿಯದ್ದೇ, ಆದರೆ ಬಿಳಿ ಮಾತ್ರ. ಗಂಡು 70 ಸೆಂ.ಮೀ.ಗೂ ಎತ್ತರ, 50-60 ಕಿಲೋ. ಅದು ಮಂದೆ ಓಡಿಸುವುದಿಲ್ಲ, ತೋಳ ಬರದಂತೆ ಮಂದೆ ಕಾಯುತ್ತದೆ. ಎರಡನ್ನೂ ಒಂದೇ ಅಂದುಕೊಂಡು ಮನೆಗೆ ತಂದರೆ ಕಷ್ಟ. ಇಟಲಿಯ ಬೆರ್ಗಮಾಸ್ಕೊ ಇನ್ನೊಂದು ಥರ. ಅದರ ಕೂದಲು ಹಗ್ಗವಾಗುವುದಿಲ್ಲ, ಚಪ್ಪಟೆ ಚಪ್ಪಟೆ ಚಾಪೆಯ ಹಾಗೆ ಕೂಡಿಕೊಳ್ಳುತ್ತದೆ.

## ಮನೆಯೊಳಗೆ ಬಂದು ಕೂತವರು ಕೇಳುವವು

"ನಮ್ಮ ದನ ಕಾಯ್ಲಿಕ್ಕೆ ಆಗ್ತದಾ ಇದು?"

ಆಸೆಯೇನೋ ಅದಕ್ಕೆ ಬಹಳ ಇದೆ. ಬಂದ ಮೊದಲ ವಾರ ನಮ್ಮ ಮಲೆನಾಡು ಗಿಡ್ಡದ ಕರುಗಳನ್ನು ಅಂಗಳದ ಮೂಲೆಗೆ ಒಟ್ಟುಮಾಡಿ ನಿಲ್ಲಿಸಿತ್ತು. ಯಾರೂ ಹೇಳಿಕೊಟ್ಟದ್ದಲ್ಲ. ಖುಷಿಯಿಂದ ತಾಯಿ ದನದ ಹಿಂದೆಯೂ ಹೋಯಿತು. ಆ ದನ ಒಂದೇ ಒದೆತಕ್ಕೆ ಇದನ್ನು ಅಡಿಕೆ ಸಿಪ್ಪೆಯ ರಾಶಿಗೆ ಎಸೆಯಿತು. ಜಡೆ ದಪ್ಪ ಇದ್ದದ್ದರಿಂದ ಏಟು ಬೀಳಲಿಲ್ಲ. ಆಮೇಲೆ ದನದ ಗೊಡವೆ ಬಿಟ್ಟಿದೆ. ಈಗ ಓಡಿಸುವುದು ಕೋಳಿ ಮತ್ತು ರಜೆಗೆ ಬರುವ ಅಣ್ಣನ ಮಕ್ಕಳನ್ನು. ಮಕ್ಕಳು ಅಂಗಳದಲ್ಲಿ ಚದುರಿದರೆ ಅದಕ್ಕೆ ತಡೆಯುವುದಿಲ್ಲ.

ದಿನಾ ಒಂದು ಗಂಟೆಯಾದರೂ ಓಡಾಟ ಬೇಕು. ಓಡಿಸದಿದ್ದರೆ ಚಪ್ಪಲಿ ಉಳಿಯುವುದಿಲ್ಲ. ಕಾಡಂಚಿನ ಮನೆಯವರು ರಾತ್ರಿ ಹೊರಗೆ ಬಿಡಬೇಡಿ. ನಮ್ಮ ಕಡೆ ಚಿರತೆಗೆ ನಾಯಿಯೆಂದರೆ ಬಲು ಇಷ್ಟ, ಅಲ್ವಾ?

"ಊಟಕ್ಕೆ ಎಂತ ಹಾಕ್ತೀರಿ?"

ಪೇಟೆಯ ನಾಯಿ ಆಹಾರ, ಒಂದು ಬೇಯಿಸಿದ ಮೊಟ್ಟೆ, ಸ್ವಲ್ಪ ಮೊಸರನ್ನ. ಗಡ್ಡದ ಜಡೆಗೆ ಊಟ ಮೆತ್ತಿ ಹುಳಿ ವಾಸನೆ ಬರುತ್ತದೆ, ಊಟವಾದ ಕೂಡಲೇ ಒರೆಸಿ. ಈರುಳ್ಳಿ, ಚಾಕಲೇಟು, ದ್ರಾಕ್ಷಿ ಯಾವ ನಾಯಿಗೂ ಆಗುವುದಿಲ್ಲ. ಒಣದ್ರಾಕ್ಷಿಯೂ ಅಷ್ಟೇ. ಹಬ್ಬದ ದಿನ ಪಾಯಸ ಹಾಕುವ ಅಜ್ಜಿಯರು ಇದನ್ನು ಓದಬೇಕು.

"ಕೂದಲು ಉದುರುವುದಿಲ್ಲವಂತೆ, ಅಲರ್ಜಿ ಇದ್ದವರೂ ಸಾಕಬಹುದಂತೆ. ಹೌದಾ?"

ಅರ್ಧ ಹೌದು. ಸೋಫಾದ ಮೇಲೆ ಕೂದಲು ಕಾಣುವುದು ಬಹಳ ಕಡಿಮೆ. ಆದರೆ ಅಲರ್ಜಿ ಬರುವುದು ಕೂದಲಿಂದ ಅಲ್ಲ, ನಾಯಿಯ ಜೊಲ್ಲು ಮತ್ತು ಚರ್ಮದ ಹೊಟ್ಟಿನಿಂದ. ಅದು ಎಲ್ಲ ನಾಯಿಗಳಲ್ಲೂ ಇದೆ. ಮೇಲಿಂದ ಜಡೆಯಲ್ಲಿ ಧೂಳು, ದರಕು (ಒಣಗಿದ ತರಗೆಲೆ), ಹುಲ್ಲಿನ ಬೀಜ ಎಲ್ಲ ತುಂಬಿಕೊಂಡು ಮನೆಯೊಳಗೆ ಬರುತ್ತದೆ. ಅಂಗಳ ಗುಡಿಸುವ ಕೆಲಸ ಉಳಿಯಿತು, ಈಗ ಜಗಲಿ ಎರಡು ಸಲ ಗುಡಿಸುತ್ತೇನೆ ಅನ್ನುತ್ತಾಳೆ ಆಯಿ. ಅಲರ್ಜಿ ಇರುವವರು ತರುವ ಮೊದಲು ಒಂದು ದಿನ ಅಂಥ ನಾಯಿಯ ಜೊತೆ ಕಳೆದು ನೋಡಿ.

## ಜಡೆಯ ವಿಚಾರ

"ಮರಿಗೆ ಜಡೆ ಯಾವಾಗ ಬರ್ತದೆ? ಸುಮ್ನೆ ಬಿಟ್ಟರೆ ಸಾಕಾ?"

ಮರಿ ಹುಟ್ಟುವಾಗ ಜಡೆ ಇರುವುದಿಲ್ಲ, ಹತ್ತಿಯುಂಡೆಯ ಹಾಗೆ ಇರುತ್ತದೆ. ಎಂಟು ಹತ್ತು ತಿಂಗಳಿಗೆ ಒಳಗೂದಲು ದಟ್ಟವಾಗಿ ಗಂಟು ಬೀಳಲು ಶುರುವಾಗುತ್ತದೆ. ಆಗ ಸುಮ್ನೆ ಬಿಟ್ಟರೆ ಕೆಟ್ಟಿತು. ಮೈಯಿಡೀ ಒಂದೇ ಹಾಳೆಯ ಹಾಗೆ ಕೂಡಿಕೊಳ್ಳುತ್ತದೆ, ಕೆಳಗಿನ ಚರ್ಮಕ್ಕೆ ಗಾಳಿಯೇ ಇರುವುದಿಲ್ಲ.

ಬೆರಳಿನಿಂದ ಬಿಡಿಸಬೇಕು. ಒಂದು ಗಂಟು ಹಿಡಿದು, ಎರಡು ಕೈಯಲ್ಲಿ ತುದಿಯಿಂದ ಬುಡದವರೆಗೆ ಸೀಳುವುದು. ಹಲಸಿನ ತೊಳೆಯಿಂದ ಸಾರೆ ಬಿಡಿಸುವ ತಾಳ್ಮೆ ಬೇಕು. ಬುಡದವರೆಗೆ ಹೋಗದಿದ್ದರೆ ವಾರದಲ್ಲಿ ಮತ್ತೆ ಅಂಟುತ್ತದೆ. ಪೆನ್ಸಿಲ್ಲಿಗಿಂತ ಸ್ವಲ್ಪ ದಪ್ಪ ಜಡೆ ಚೆನ್ನಾಗಿ ನಿಲ್ಲುತ್ತದೆ. ಅತ್ತಿಗೆ ದಿನಾ ಸಂಜೆ ಟಿವಿ ನೋಡುತ್ತಾ ಅರ್ಧ ಗಂಟೆ ಇದೇ ಮಾಡುತ್ತಿದ್ದಳಂತೆ. ಕಿವಿಯ ಹಿಂದೆ, ಕಂಕುಳಲ್ಲಿ, ಬಾಲದ ಬುಡದಲ್ಲಿ ಬೇಗ ಗಂಟು ಬೀಳುತ್ತದೆ. ಜಡೆ ನೆಲ ಮುಟ್ಟಲು ನಾಲ್ಕೈದು ವರ್ಷ ಬೇಕು.

ಜಡೆ ಕಟ್ಟಿದ ಮೇಲೆ ಬಾಚಣಿಗೆ ಮುಟ್ಟಿಸಬೇಡಿ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ "ಎಲ್ಲಾ ನೀಟಾಗಿ ಬಾಚಿ ಕೊಡ್ತೀವಿ" ಅಂದರು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಎಡತೊಡೆಯ ಆರು ಜಡೆ ಕಿತ್ತುಹೋಗಿ, ಚರ್ಮ ಕೆಂಪಗಾಗಿತ್ತು. ಮರಿಯಿಂದಲೇ ದಿನಾ ಬಾಚಿ ಜಡೆ ಬಾರದ ಹಾಗೆ ಸಾಕುವವರೂ ಇದ್ದಾರೆ. ಅದೂ ಸರಿಯೇ. ಆದರೆ ಮೊದಲೇ ಒಂದು ದಾರಿ ಹಿಡಿಯಬೇಕು.

"ಸ್ನಾನ ಹೇಗೆ ಮಾಡಿಸ್ತೀರಿ?"

ಒಂದು ಭಾನುವಾರ ಪೂರ್ತಿ ಬೇಕು. ನೀರು ಹೊಯ್ದ ಕೂಡಲೇ ಒಳಗೆ ಇಳಿಯುವುದಿಲ್ಲ. ಮೇಲಿಂದ ಜಾರಿ ಹೋಗುತ್ತದೆ. ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ನಿಲ್ಲಿಸಿ, ಸ್ಪಂಜಿನ ಹಾಗೆ ಅಮುಕುತ್ತಾ ಹತ್ತು ಹದಿನೈದು ನಿಮಿಷ ನೆನೆಸಬೇಕು. ಶಾಂಪೂವನ್ನು ಮೊದಲೇ ಒಂದು ಬಕೆಟ್ ನೀರಿಗೆ ಕಲಸಿಟ್ಟು ಹೊಯ್ಯಿರಿ. ನೇರ ಹಾಕಿದರೆ ಜಡೆಯೊಳಗೆ ಕೂತು ಹೊರಗೇ ಬರುವುದಿಲ್ಲ. ತಿಕ್ಕಬೇಡಿ, ಹಿಂಡಿ. ಆಮೇಲೆ ತೊಳೆಯುವುದು. ನೀರು ತಿಳಿಯಾಯಿತು ಅನ್ನಿಸಿದ ಮೇಲೂ ಇನ್ನೆರಡು ಬಕೆಟ್. ಒಳಗೆ ಉಳಿದ ಶಾಂಪೂ ತುರಿಕೆ ತರುತ್ತದೆ.

ಕೊನೆಗೆ ಹಿಂಡುವುದು. ಒಂದೊಂದೇ ಜಡೆಯನ್ನು ಟವೆಲಿನಲ್ಲಿ ಹಿಡಿದು ಬುಡದಿಂದ ತುದಿಗೆ. ನಮ್ಮಲ್ಲಿ ಒಂಬತ್ತು ಟವೆಲ್ ಇದಕ್ಕೇ ಇವೆ. ಒಂಬತ್ತನೆಯದು ಒದ್ದೆಯಾಗುವ ಹೊತ್ತಿಗೆ ಮೊದಲ ಜಡೆಯ ತುದಿಯಿಂದ ಮತ್ತೆ ನೀರು ತೊಟ್ಟಿಕ್ಕುತ್ತಿರುತ್ತದೆ.

ಇಷ್ಟು ಕೆಲಸ ಇರುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ಸಾಕು. ನಡುವೆ ಪಾದ, ಗಡ್ಡ, ಹಿಂಭಾಗ ಮಾತ್ರ ತೊಳೆಯಿರಿ.

"ಮಳೆಗಾಲದಲ್ಲಿ ಹೇಗೆ ಒಣಗಿಸ್ತೀರಿ?"

ಪ್ರಶ್ನೆ ಅಂದರೆ ಇದು. ಬಾಕಿ ಎಲ್ಲದಕ್ಕೂ ಉತ್ತರ ಇದೆ.

ಪುಲಿ ಬೆಳೆದದ್ದು ಹಂಗೇರಿಯ ಬಯಲಿನಲ್ಲಿ. ಚಳಿಗಾಲದಲ್ಲಿ ಕಡು ಚಳಿ, ಬೇಸಿಗೆಯಲ್ಲಿ ಒಣ ಬಿಸಿಲು. ಬುಡಾಪೆಸ್ಟ್‌ನಲ್ಲಿ ಇಡೀ ವರ್ಷ ಬೀಳುವ ಮಳೆ ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಬಿದ್ದುಹೋಗುತ್ತದೆ. ಜಡೆಗೆ ತುಂತುರು ಮಳೆ ತಡೆಯುವ ಶಕ್ತಿ ಚೆನ್ನಾಗಿದೆ, ಕಂಬಳಿಕೊಪ್ಪೆಯ ಹಾಗೆ. ಆದರೆ ಒಂದು ಸಲ ಬುಡದವರೆಗೆ ನೆನೆದರೆ ಒಣಹವೆಯಲ್ಲೇ ಒಣಗಲು ಒಂದೆರಡು ದಿನ ಹಿಡಿಯುತ್ತದೆ. ನಮ್ಮಲ್ಲಿ ಜುಲೈನಲ್ಲಿ ಕರವಸ್ತ್ರ ಒಣಗಲಿಕ್ಕೇ ಮೂರು ದಿನ.

ಮೊದಲ ಮಳೆಗಾಲ ನಮಗೆ ಏನೂ ಗೊತ್ತಿರಲಿಲ್ಲ. ತೋಟಕ್ಕೆ ಹೋಗಿ ನೆನೆದು ಬಂದ ನಾಯಿಯನ್ನು ಬಚ್ಚಲೊಲೆಯ ಮುಂದೆ ಕೂರಿಸಿದೆವು. ಬಟ್ಟೆ ಒಣಗಿಸುವುದೂ ಅಲ್ಲೇ ತಾನೆ. ಜಡೆ ಹೊರಗಿಂದ ಬೆಚ್ಚಗಾಯಿತು, ಒಳಗೆ ಹಸಿಯೇ ಉಳಿಯಿತು, ಜೊತೆಗೆ ಹೊಗೆ ಹಿಡಿಯಿತು. ಒಂದು ವಾರಕ್ಕೆ ಅದರ ವಾಸನೆ ಹೇಳಬೇಕೆಂದರೆ, ಅಟ್ಟದ ಮೇಲೆ ಮರೆತ ಒದ್ದೆ ಗೋಣಿಚೀಲ. ಆಗಸ್ಟಿನಲ್ಲಿ ಕಂಕುಳ ಹತ್ತಿರ ಜಡೆ ಬಿಡಿಸಿ ನೋಡಿದರೆ, ಅಂಗೈಯಗಲ ಚರ್ಮ ಕೆಂಪಗೆ, ಅಂಟಂಟು. ಬುಡದ ಒಂದು ಜಡೆಯೊಳಗೆ ಬೂದುಬಣ್ಣದ ಬೂಷ್ಟು. ಪಶು ಡಾಕ್ಟರು ಆ ಭಾಗದ ಜಡೆ ತೆಗೆಸಿ, ಮೂರು ವಾರ ಔಷಧಿ ಕೊಟ್ಟರು.

ಎರಡನೇ ಮಳೆಗಾಲಕ್ಕೆ ನಾಯಿಗಳಿಗೆಂದೇ ಬರುವ ಬ್ಲೋವರ್ ತರಿಸಿದೆವು. ಬಿಸಿ ಕಡಿಮೆ ಇಟ್ಟು, ಟವೆಲಿನಲ್ಲಿ ಹಿಂಡಿ, ಪದರ ಪದರವಾಗಿ ಜಡೆ ಎತ್ತಿ ಬುಡಕ್ಕೆ ಗಾಳಿ ಹಿಡಿಯುವುದು. ನಾಲ್ಕು ಗಂಟೆ. ಆಮೇಲೆ ರಾತ್ರಿಯಿಡೀ ಫ್ಯಾನು. ಕೆಲಸವೇನೋ ಆಗುತ್ತಿತ್ತು, ಕರೆಂಟು ಇದ್ದರೆ. ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದಿದ್ದರೆ ಬ್ಲೋವರ್ ಏನು ಮಾಡೀತು? ಹಳೇ ಪ್ಲಾಸ್ಟಿಕ್ ಕೊಪ್ಪೆ ಕತ್ತರಿಸಿ ಕಂಬಳಿಗೊಂದು ರೇನ್‌ಕೋಟು ಹೊಲಿದೆ. ಅದರೊಳಗೆ ಆವಿ ಕಟ್ಟಿ ಇನ್ನೂ ಹಸಿಯಾಯಿತು.

"ಕಾರವಾರದ ಬೀಚಿಗೆ ಕರೆದುಕೊಂಡು ಬನ್ನಿ, ಮಕ್ಕಳು ನೋಡಬೇಕಂತೆ"

ಒಂದು ಸಲ ಬಂದಿದ್ದೆವು. ಟ್ಯಾಗೋರ್ ಬೀಚಿನಲ್ಲಿ ಹತ್ತು ನಿಮಿಷ ಓಡಿತು. ಮನೆಗೆ ಬಂದು ಹದಿನೈದು ದಿನ ಮರಳು ಉದುರಿಸಿತು. ಉಪ್ಪುನೀರು ಜಡೆಯಲ್ಲೇ ಒಣಗಿದರೆ ಚರ್ಮ ಬಿರಿಯುತ್ತದೆ, ಅದಕ್ಕೆ ಅದೇ ದಿನ ಪೂರ್ತಿ ಸ್ನಾನ ಆಗಲೇಬೇಕು. ಪೂರ್ತಿ ಜಡೆಯ ನಾಯಿಗೆ ಈಜುವುದೂ ಅಪಾಯ, ನೆನೆದ ಜಡೆಯ ಭಾರ ಎಳೆಯುತ್ತದೆ. ಮಕ್ಕಳನ್ನೇ ಶಿರಸಿಗೆ ಕಳಿಸಿ.

"ಉಣುಗು ಹತ್ತಿದರೆ ಗೊತ್ತಾಗುವುದು ಹೇಗೆ?"

ಉಣುಗಿಗೆ ಉಣ್ಣೆ ಅಂತಲೂ ಅನ್ನುತ್ತಾರಲ್ಲ. ಇದು ಉಣ್ಣೆಯೊಳಗಿನ ಉಣ್ಣೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ತೋಟದಿಂದ ಬಂದ ಕೂಡಲೇ ಕಿವಿಯ ಒಳಗೆ, ಬೆರಳ ಸಂದಿ, ಕುತ್ತಿಗೆ, ತೊಡೆಸಂದಿ ತಡವಿ ನೋಡಬೇಕು. ಹೆಸರುಕಾಳಿನ ಹಾಗೆ ಏನಾದರೂ ಸಿಕ್ಕಿದರೆ ಚಿಮಟದಿಂದ ಬುಡದಲ್ಲಿ ಹಿಡಿದು ನೇರಕ್ಕೆ ಎಳೆಯಿರಿ. ಬರಿಗೈಯಲ್ಲಿ ಹಿಸುಕಬೇಡಿ.

ಬೆನ್ನಿಗೆ ಹಚ್ಚುವ ಔಷಧಿ ಈ ಜಡೆಯಲ್ಲಿ ಚರ್ಮ ಮುಟ್ಟುವುದು ಕಷ್ಟ. ನುಂಗಿಸುವ ಮಾತ್ರೆಯೇ ವಾಸಿ. ತೂಕ ನೋಡಿ ಡಾಕ್ಟರು ಬರೆದುಕೊಡುತ್ತಾರೆ. ನಾಯಿಗೆ ಟಿಕ್ ಫೀವರ್ ಬಂದರೆ ಊಟ ಬಿಡುತ್ತದೆ, ಒಸಡು ಬಿಳಚುತ್ತದೆ, ಆಗ ಕಾಯಬೇಡಿ.

ನಿಮ್ಮ ಮೈಯನ್ನೂ ನೋಡಿಕೊಳ್ಳಿ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ. ನಮ್ಮ ಸಿದ್ದಾಪುರದ ಕಡೆಯೂ ಅದು ಕಾಡಿದೆ. ಹರಡುವುದು ಕಾಡಿನ ಉಣುಗು. ಡಿಸೆಂಬರಿನಿಂದ ಮೇವರೆಗೆ ದರಕು ಇರುವ ಕಾಡಿಗೆ ನಾಯಿಯನ್ನು ಬಿಟ್ಟರೆ, ಅದು ಜಡೆಯಲ್ಲಿ ಉಣುಗು ಹೊತ್ತು ನೇರ ನಿಮ್ಮ ಜಗಲಿಗೇ ಬರುತ್ತದೆ.

ಉಂಬಳದ್ದು, ಅಂದರೆ ಜಿಗಣೆಯದ್ದು, ಅಷ್ಟು ಚಿಂತೆ ಇಲ್ಲ. ಮೂಗಿನೊಳಗೆ, ಬೆರಳ ಸಂದಿಯಲ್ಲಿ ನೋಡಿದರೆ ಸಾಕು. ಇಲಿಜ್ವರದ ಲಸಿಕೆ ಮಾತ್ರ ಮಳೆಗಾಲಕ್ಕೆ ಮೊದಲು ಹಾಕಿಸಿ. ಗದ್ದೆ, ತೋಟದ ನಿಂತ ನೀರು ಕುಡಿಯುವ ನಾಯಿಗೆ ಅದು ಬೇಕೇ ಬೇಕು.

"ಈ ಸೆಖೆಗೆ ಬೋಳಿಸಿಬಿಡಿ, ಪಾಪ ಅಲ್ವಾ?"

ಚರ್ಮ ಕಾಣುವ ಹಾಗೆ ಬೋಳಿಸಬಾರದು, ಬಿಸಿಲಿಗೆ ಸುಡುತ್ತದೆ. ಆದರೆ ಕತ್ತರಿಸಿ ಗಿಡ್ಡ ಮಾಡಬಹುದು. ನಾವೂ ಕಡೆಗೆ ಅದನ್ನೇ ಮಾಡಿದೆವು. ಮೂರನೇ ಮಳೆಗಾಲದ ಮೊದಲು, ಮೇ ಕೊನೆಯಲ್ಲಿ.

ಅಣ್ಣನಿಗೆ ಫೋನ್ ಮಾಡಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ನಾಯಿ ನಿಮ್ಮದು ಈಗ, ಜಡೆಯೂ ನಿಮ್ಮದೇ" ಅಂದ. ಜಗಲಿಯಲ್ಲಿ ಚಾಪೆ ಹಾಸಿ, ಆಯಿ ತಲೆ ಹಿಡಿದುಕೊಂಡಳು, ನಾನು ಹೊಲಿಗೆಯ ಕತ್ತರಿಯಲ್ಲಿ ಒಂದೊಂದೇ ಜಡೆ, ಚರ್ಮದಿಂದ ಎರಡು ಬೆರಳು ಬಿಟ್ಟು. ಮೂರು ಗಂಟೆ ಬೇಕಾಯಿತು. ಅಕ್ಕಿಚೀಲದಲ್ಲಿ ಅರ್ಧ ತುಂಬಿತು. ಎದ್ದು ಮೈಕೊಡವಿತು. ಜಡೆ ಬೀಸುವ ಸದ್ದು ಬರದೇ ಇದ್ದದ್ದು ನೋಡಿ ತಿರುಗಿ ಬೆನ್ನು ನೋಡಿಕೊಂಡಿತು. ಆಮೇಲೆ ಅಂಗಳದಲ್ಲಿ ಓಡಿದ್ದು ನೋಡಬೇಕಿತ್ತು.

ಪ್ರದರ್ಶನಕ್ಕೆ ಒಯ್ಯುವವರಿಗೆ ಇದು ಮಹಾಪಾಪ. ನನ್ನ ಲೆಕ್ಕದಲ್ಲಿ ಘಟ್ಟದ ಮೇಲೂ ಕರಾವಳಿಯಲ್ಲೂ ಪುಲಿ ಸಾಕಬಹುದು, ಉದ್ದ ಜಡೆ ಸಾಕುವುದು ಕಷ್ಟ. ಎ.ಸಿ., ಹವೆಯ ತೇವ ಹೀರುವ ಡಿಹ್ಯುಮಿಡಿಫೈಯರ್, ಜನರೇಟರ್ ಇದ್ದವರ ಮಾತು ಬೇರೆ.

ಗಿಡ್ಡ ಕೂದಲಾದರೂ ಏಪ್ರಿಲ್, ಮೇ ಮಧ್ಯಾಹ್ನ ಓಡಿಸಬೇಡಿ. ಏದುಸಿರು ನಿಲ್ಲದಿದ್ದರೆ, ಒಸಡು ತೀರಾ ಕೆಂಪಾದರೆ, ಜೊಲ್ಲು ದಪ್ಪಗಾದರೆ, ನಡಿಗೆ ತೂರಾಡಿದರೆ ಹೊಟ್ಟೆ, ತೊಡೆಸಂದಿ, ಪಾದಕ್ಕೆ ತಣ್ಣೀರು ಹೊಯ್ದು, ಫ್ಯಾನು ಹಾಕಿ, ಕೂಡಲೇ ಡಾಕ್ಟರ ಹತ್ತಿರ ಹೋಗಿ. ಉದ್ದ ಜಡೆಯ ಬೆನ್ನಿಗೆ ನೀರು ಹೊಯ್ದು ಪ್ರಯೋಜನವಿಲ್ಲ, ಒಳಗೆ ಇಳಿಯುವುದೇ ಇಲ್ಲ.

"ಮತ್ತೆ ಬರ್ತದಾ ಜಡೆ?"

ಬರುತ್ತದೆ, ವರ್ಷಗಟ್ಟಲೆ ಹಿಡಿಯುತ್ತದೆ. ನಾವು ಪ್ರತಿ ಎರಡು ತಿಂಗಳಿಗೆ ಕತ್ತರಿ ಆಡಿಸುತ್ತೇವೆ. ಈಗ ಕಪ್ಪು ಕುರಿಮರಿಯ ಹಾಗೆ ಕಾಣುತ್ತದೆ.

## ಸಾಕಬೇಕು ಅಂತ ನಿರ್ಧಾರ ಮಾಡಿದವರು ಕೇಳುವವು

"ವಂಶದಲ್ಲಿ ಬರುವ ಕಾಯಿಲೆ ಏನಾದ್ರೂ ಇದೆಯಾ?"

ಒಟ್ಟಾರೆ ಗಟ್ಟಿ ತಳಿ, 10ರಿಂದ 15 ವರ್ಷ ಬದುಕುತ್ತದೆ. ಸೊಂಟದ ಕೀಲು ಸಡಿಲವಾಗುವುದು, ಮಂಡಿಚಿಪ್ಪು ಜಾರುವುದು, ಕಣ್ಣಿನ ತೊಂದರೆ ಕೆಲವು ವಂಶಗಳಲ್ಲಿ ಇವೆ. ತಂದೆತಾಯಿ ನಾಯಿಗಳ ಸೊಂಟದ ಎಕ್ಸ್‌ರೇ, ಕಣ್ಣಿನ ಪರೀಕ್ಷೆಯ ಕಾಗದ ಕೇಳಿ. ಇನ್ನೊಂದು ಸಂಗತಿ: ಜಡೆಯೊಳಗೆ ನಾಯಿ ಬಡವಾದದ್ದೂ ಗೊತ್ತಾಗುವುದಿಲ್ಲ, ಬೊಜ್ಜು ಬಂದದ್ದೂ ಗೊತ್ತಾಗುವುದಿಲ್ಲ. ಕುಂಟುವುದೂ ಮುಚ್ಚಿಹೋಗುತ್ತದೆ. ತಿಂಗಳಿಗೊಮ್ಮೆ ಕೈಹಾಕಿ ಪಕ್ಕೆಲುಬು ಎಣಿಸಿ, ತೂಕ ಹಾಕಿ. ನಾವು ಕೃಷಿಗೆ ಇಟ್ಟ ತೂಗುತಕ್ಕಡಿಯಲ್ಲೇ ಕೂರಿಸುತ್ತೇವೆ.

"ನನಗೂ ಒಂದು ಮರಿ ಬೇಕು. ಎಲ್ಲಿ ಸಿಗ್ತದೆ?"

ಸುಲಭಕ್ಕೆ ಸಿಗುವುದಿಲ್ಲ. ಮಾರಾಟಕ್ಕೋ ಮರಿ ಮಾಡಿಸಲಿಕ್ಕೋ ವಿದೇಶದಿಂದ ನಾಯಿ ತರಿಸುವುದನ್ನು 2016ರಲ್ಲಿ ಸರ್ಕಾರ ನಿಲ್ಲಿಸಿತ್ತು. ಅಣ್ಣನ ಹಾಗೆ ಅಲ್ಲೇ ಸಾಕಿದ ನಾಯಿಯನ್ನು ವಾಪಸ್ ಬರುವಾಗ ತರಬಹುದು. ಅದಕ್ಕೂ ರೇಬೀಸ್ ಲಸಿಕೆ, ಆರೋಗ್ಯ ಪ್ರಮಾಣಪತ್ರ, ಅನಿಮಲ್ ಕ್ವಾರಂಟೈನ್ ಕಚೇರಿಯ ಒಪ್ಪಿಗೆ ಎಲ್ಲ ಬೇಕು. ವಾಟ್ಸಾಪ್‌ನಲ್ಲಿ "ಒರಿಜಿನಲ್ ಪುಲಿ ಮರಿ, ಜಡೆ ಸಹಿತ" ಅಂತ ಎರಡು ತಿಂಗಳ ಮರಿಯ ಫೋಟೋ ಬಂದರೆ ದುಡ್ಡು ಕಳಿಸಬೇಡಿ. ಎರಡು ತಿಂಗಳಿಗೆ ಜಡೆ ಬರುವುದೇ ಇಲ್ಲ. ಕುಮಟಾದ ಒಬ್ಬರಿಗೆ ಹೀಗೆ ಸಿಕ್ಕಿದ್ದು ಸ್ನಾನ ಕಾಣದ ಲಾಸಾ ಅಪ್ಸೋ. ಒಳ್ಳೆಯ ನಾಯಿಯೇ, ಈಗ ಅವರ ಮನೆಯಲ್ಲೇ ಆರಾಮಾಗಿದೆ.

ಇಷ್ಟಾದ ಮೇಲೂ ಬೇಕೇ ಬೇಕು ಅನ್ನುವವರು ಮೊದಲು ನಮ್ಮನೆಗೆ ಬಂದು ಕಂಬಳಿಯನ್ನು ನೋಡಿ. ಜನವರಿಯಲ್ಲಿ ಬೇಡ, ಆಗ ಎಲ್ಲ ಚಂದ ಕಾಣುತ್ತದೆ. ಜುಲೈನಲ್ಲಿ ಬನ್ನಿ. ಬರುವಾಗ ಒಂದು ಟವೆಲ್ ತನ್ನಿ.